ಹೊಳೆ ಬದಿಯ ಹಳೇ ಬತ್ತೇರಿ, ಹಳೇ ಬಂಗ್ಲೆ: ಜಾಗದ ಚರಿತ್ರೆ ಹುಡುಕುವುದು ಹೇಗೆ?

ಮಂಗಳೂರಿನಲ್ಲಿ ಹೊಳೆ ಬದಿಯ ಜಾಗಗಳಿಗೆ ಏನೂ ಕಡಿಮೆ ಇಲ್ಲ. ತೆಂಕಿಗೆ ನೇತ್ರಾವತಿ, ಬಡಗಿಗೆ ಫಲ್ಗುಣಿ. ಫಲ್ಗುಣಿಯನ್ನು ನಾವು ಗುರುಪುರ ಹೊಳೆ ಅಂತಲೇ ಕರೆಯುವುದು. ಎರಡೂ ಹಳೇ ಬಂದರಿನ ಹತ್ತಿರ ಸೇರಿ ಅಳಿವೆ ಬಾಗಿಲಿನಿಂದ ಸಮುದ್ರಕ್ಕೆ ಹೋಗುತ್ತವೆ. ಈ ದಂಡೆಗಳಲ್ಲಿ ಸ್ವಲ್ಪ ಎತ್ತರದ ಜಾಗ ಎಲ್ಲಿ ಸಿಕ್ಕಿತೋ ಅಲ್ಲಿ ಒಂದೋ ಕಾವಲು ಕೂತಿದ್ದಾರೆ, ಇಲ್ಲವೇ ಬಂಗ್ಲೆ ಕಟ್ಟಿದ್ದಾರೆ.

ನಾನು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವಿಸ್ ಮಾಡಿ ನಿವೃತ್ತಳಾದವಳು. ಭೂಮಸೂದೆಯ, ಅಂದರೆ ಗೇಣಿ ಜಾಗವನ್ನು ಒಕ್ಕಲಿನ ಹೆಸರಿಗೆ ಮಾಡಿದ ಕಾಯ್ದೆಯ, ಫೈಲುಗಳ ಧೂಳು ಬೇಕಾದಷ್ಟು ಕುಡಿದಿದ್ದೇನೆ. ಈಗ ಅಣ್ಣನ ಮಗ ತನ್ನ ಕಾಲೇಜಿನ ಸ್ನೇಹಿತರನ್ನು ಕಟ್ಟಿಕೊಂಡು ಬರುತ್ತಾನೆ. "ಅತ್ತೆ, ಈ ಜಾಗದ ಹಿಸ್ಟರಿ ಹೇಗೆ ಕಂಡುಹಿಡಿಯುವುದು?" ಅಂತ ಕೇಳುತ್ತಾನೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಗಟ್ಟಿಯಾಗಿ ಹೇಳಲಿಕ್ಕಿರುವುದು ಒಂದೇ. ಎಸ್ಟೇಟಿನ ಚರಿತ್ರೆ ಧಣಿಗಳ ಹೆಸರಿನಿಂದ ಶುರುವಾಗಿ ಧಣಿಗಳ ಹೆಸರಿನಲ್ಲೇ ಮುಗಿಯಬಾರದು. ಅಲ್ಲಿ ಗೇಣಿಗೆ ಗದ್ದೆ ಮಾಡಿದ ಒಕ್ಕಲು, ದೋಣಿ ನಡೆಸಿದವರು, ಹಂಚಿಗೆ ಮಣ್ಣು ಹೊತ್ತವರು ಇವರೆಲ್ಲ ದಾಖಲೆಯಲ್ಲಿ ಸಿಗುತ್ತಾರೆ. ಯಾವ ಕಪಾಟು ತೆಗೆಯಬೇಕು ಅಂತ ಗೊತ್ತಿದ್ದರೆ ಆಯಿತು.

ಉದಾಹರಣೆಗೆ ಎರಡು ಜಾಗ ತೆಗೆದುಕೊಳ್ಳುತ್ತೇನೆ. ಒಂದು ಎಲ್ಲರಿಗೂ ಗೊತ್ತಿರುವ ಬೋಳೂರಿನ ಸುಲ್ತಾನ್ ಬತ್ತೇರಿ, ಫಿರಂಗಿ ಇಟ್ಟು ಹೊಳೆ ಕಾಯಲಿಕ್ಕೆ ಕಟ್ಟಿದ್ದು. ಇನ್ನೊಂದು ಅದೇ ಹೊಳೆಯಲ್ಲಿ ಇನ್ನಷ್ಟು ಮೇಲಕ್ಕೆ ಹೋದರೆ ಸಿಗುವ ಒಂದು ಹಳೇ ಬಂಗ್ಲೆ, ಅದರ ಸುತ್ತಿನ ತೋಟ, ಗದ್ದೆ. ಬಂಗ್ಲೆಯ ಹೆಸರು ಹೇಳುವುದಿಲ್ಲ. ಪಾಲಾದ ಮನೆಯವರು ಈಗಲೂ ಅಲ್ಲಿ ಇದ್ದಾರೆ.

ಹೊರಡುವ ಮೊದಲು

ಭರತ ಇಳಿತದ ಹೊತ್ತು ನೋಡಿಕೊಳ್ಳಿ. ಹೊಳೆ ಬದಿಯ ಜಾಗದಲ್ಲಿ ನೋಡಬೇಕಾದ್ದು ಎಷ್ಟೋ ನೀರಿನ ಅಡಿಗಿರುತ್ತದೆ. ಕಡವಿನ (ದೋಣಿ ಹತ್ತಿ ಇಳಿಯುವ ಜಾಗದ) ಕೊನೆಯ ಮೆಟ್ಟಿಲುಗಳು, ದೋಣಿ ಕಟ್ಟುತ್ತಿದ್ದ ಕಲ್ಲು, ದಂಡೆಗೆ ಕಟ್ಟಿದ ಗೋಡೆಯ ಬುಡ, ಇವೆಲ್ಲ ಇಳಿತದಲ್ಲಿ ಮಾತ್ರ ಕಾಣುವುದು. ಭರತಕ್ಕೂ ಇಳಿತಕ್ಕೂ ಸುಮಾರು ಆರು ಗಂಟೆ ಅಂತರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಆ ದಿನ ಹೋದರೆ ಒಳ್ಳೆಯದು.

ಜನವರಿಯಿಂದ ಮಾರ್ಚ್‌ವರೆಗೆ ಹುಲ್ಲು ಒಣಗಿರುತ್ತದೆ. ಬಿದ್ದುಹೋದ ಪಾಗಾರದ (ಕಾಂಪೌಂಡ್ ಗೋಡೆಯ) ಸಾಲು ಆಗ ಚೆನ್ನಾಗಿ ಕಾಣುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ಹೋಗಬೇಡಿ. ಕಲ್ಲಿನ ಮೇಲೆ ಪಾಚಿ ಇರುತ್ತದೆ, ಹೊಳೆ ತುಂಬಿರುತ್ತದೆ. ಕಾಲಿಗೆ ಶೂ, ಕೈಯಲ್ಲಿ ಟಾರ್ಚ್, ಅಳತೆಯ ಟೇಪು, ಒಂದು ನೋಟ್‌ಬುಕ್ ಇರಲಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬ್ರ ಅದರಲ್ಲೇ ಬರುತ್ತದೆ. ಮುಂದಿನ ಕಾಗದದ ಕೆಲಸಕ್ಕೆ ಆ ನಂಬ್ರವೇ ಬೀಗದ ಕೈ.

ಖಾಸಗಿ ಜಾಗವಾದರೆ ಕೇಳಿಯೇ ಒಳಗೆ ಹೋಗಬೇಕು. ಗೇಟು ತೆರೆದಿದ್ದರೂ ಅಷ್ಟೇ.

ಬತ್ತೇರಿಯಲ್ಲಿ: ಹತ್ತುವ ಮೊದಲು ಸುತ್ತು ಹಾಕಿ

ಬತ್ತೇರಿಗೆ ಬಂದವರು ಸೀದಾ ಮೆಟ್ಟಿಲು ಹತ್ತಿ ಫೋಟೋ ತೆಗೆದು ಇಳಿಯುತ್ತಾರೆ. ನೀವು ಮೊದಲು ಸುತ್ತು ಬನ್ನಿ, ಕಲ್ಲು ನೋಡಿ. ಇದು ಕಪ್ಪು ಕಲ್ಲು. ನಮ್ಮ ಊರಿನ ಹಳೇ ಮನೆ, ಬಾವಿ, ಪಾಗಾರ ಎಲ್ಲ ಮುರಕಲ್ಲಿನದ್ದು, ಅಂದರೆ ಜಂಬಿಟ್ಟಿಗೆ ಕಲ್ಲಿನದ್ದು. ಮುರಕಲ್ಲು ನೆಲದಲ್ಲೇ ಸಿಗುತ್ತದೆ, ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದನ್ನು ಬಿಟ್ಟು ಕಪ್ಪು ಕಲ್ಲೇ ಆಗಬೇಕು ಅಂತ ಹಿಡಿದದ್ದು ಯಾಕೆ? ಕಟ್ಟಿಸಿದವರಿಗೆ ಯಾವುದರ ಹೆದರಿಕೆ ಇತ್ತು ಅನ್ನುವುದು ಕಲ್ಲಿನಲ್ಲೇ ಗೊತ್ತಾಗುತ್ತದೆ. ಇದು ಫಿರಂಗಿ ಗುಂಡಿನ ಲೆಕ್ಕ ಹಾಕಿ ಕಟ್ಟಿದ ಕಟ್ಟಡ.

ಕಟ್ಟಿಸಿದ್ದು ಟಿಪ್ಪು ಸುಲ್ತಾನ್, 1784ರಲ್ಲಿ. ಯುದ್ಧದ ಹಡಗು ಗುರುಪುರ ಹೊಳೆಯ ಒಳಗೆ ಬರಬಾರದು ಅಂತ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನೀವು ಆ ಇಸವಿಯ ಹಿಂದೆ ಮುಂದೆ ಏನಾಯಿತು ನೋಡಿ. 1783ರ ಮಾರ್ಚ್‌ನಲ್ಲಿ ಇಂಗ್ಲಿಷರು ಮಂಗಳೂರು ಕೋಟೆ ಹಿಡಿದರು. ಮೇ ತಿಂಗಳಿನಿಂದ ಟಿಪ್ಪುವಿನ ಸೈನ್ಯ ಅದಕ್ಕೆ ಮುತ್ತಿಗೆ ಹಾಕಿ ಕೂತಿತು. ಕೋಟೆಯೊಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ಜನ ಹಸಿವೆ, ಕಾಯಿಲೆಯಿಂದ ಸತ್ತರು. 1784ರ ಜನವರಿ ಕೊನೆಗೆ ಅವನು ಕೋಟೆ ಬಿಟ್ಟುಕೊಟ್ಟ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದವಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು. ಇದೆಲ್ಲ ಹೆಚ್ಚುಕಡಿಮೆ ಒಂದೇ ವರ್ಷದ ಮಾತು. ಈ ಬತ್ತೇರಿಯನ್ನು ಒಬ್ಬರು ಹೆಮ್ಮೆಯಿಂದ ನೋಡುತ್ತಾರೆ, ಇನ್ನೊಬ್ಬರು ನೋವಿನಿಂದ. ಎರಡನ್ನೂ ಬರೆದುಕೊಳ್ಳಿ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ನಿಮ್ಮ ಕೆಲಸ ಅರ್ಧ ಮಾತ್ರ ಆದ ಹಾಗೆ.

ಈಗ ಮೇಲೆ ಹತ್ತಿ. ಗೋಡೆಯಲ್ಲಿ ಸುತ್ತಲೂ ಫಿರಂಗಿ ಇಡುವ ಕಂಡಿಗಳಿವೆ. ಒಂದೊಂದರ ಹಿಂದೆಯೂ ನಿಂತು ಆ ಕಂಡಿಯಿಂದ ಮಾತ್ರ ನೋಡಿ. ಎಲ್ಲಿಂದ ಹೊಳೆ ಕಾಣುತ್ತದೆ, ಎಲ್ಲಿಂದ ನೆಲದ ದಾರಿ ಕಾಣುತ್ತದೆ ಅಂತ ಒಂದು ವೃತ್ತ ಬರೆದು ಗುರುತು ಹಾಕಿ. ಇವತ್ತಿನ ಮರ, ಮನೆ, ಟವರ್ ಇಲ್ಲ ಅಂದುಕೊಳ್ಳಿ. ಈ ಚಿತ್ರ ಮುಗಿಯುವಾಗ ಕಟ್ಟಡದ ಕೆಲಸ ಏನು ಅಂತ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಕೆಳಗಿನ ಕೋಣೆ ಫಿರಂಗಿಯ ಮದ್ದು ಇಡಲಿಕ್ಕೆ. ನಮ್ಮ ಮಳೆಗೆ, ಹೊಳೆಯ ತೇವಕ್ಕೆ ಮದ್ದು ಒಣಗಿ ಇರಬೇಕಲ್ವಾ, ಅದಕ್ಕೆ ಅಷ್ಟು ದಪ್ಪದ ಕಲ್ಲಿನ ರಕ್ಷಣೆ. ಇಂಥ ಕತ್ತಲೆ ಕೋಣೆ ಕಂಡಲ್ಲೆಲ್ಲ ಯಾರಾದರೂ ಸುರಂಗದ ಕಥೆ ಹೇಳುವುದುಂಟು. ಹೇಳಿದರೆ ಬರೆದುಕೊಳ್ಳಿ, ಪಕ್ಕದಲ್ಲಿ "ಕೇಳಿದ ಕಥೆ" ಅಂತ ಗುರುತು ಹಾಕಿ. ಕಲ್ಲು ಕೆರೆಯುವುದು, ಮಣ್ಣು ಅಗೆಯುವುದು ಮಾತ್ರ ಬೇಡವೇ ಬೇಡ. ಹಳೇ ಸ್ಮಾರಕದಲ್ಲಿ ಕಣ್ಣಿಗೆ ಮಾತ್ರ ಕೆಲಸ, ಕೈಗೆ ಅಲ್ಲ.

1799ರಲ್ಲಿ ಟಿಪ್ಪು ಸತ್ತು ಕೆನರಾ ಜಿಲ್ಲೆ ಇಂಗ್ಲಿಷರ ಕೈಗೆ ಹೋಯಿತು. ಆಮೇಲೆ ಈ ಕಾವಲಿಗೆ ಕೆಲಸ ಇರಲಿಲ್ಲ. ಆದರೆ ಬತ್ತೇರಿಯ ಮೇಲೆ ನಿಂತರೆ ಮುಂದಿನ ಇನ್ನೂರು ವರ್ಷವೂ ಕಾಣುತ್ತದೆ. ಎದುರು ದಂಡೆ ತಣ್ಣೀರುಬಾವಿ, ಬೆಂಗ್ರೆ. ಹೊಳೆಗೂ ಸಮುದ್ರಕ್ಕೂ ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ. ಕೆಳಗಿನಿಂದ ಆಚೆಗೆ ದೋಣಿ ಹೋಗುತ್ತದೆ. ತೆಂಕಿಗೆ ಹಳೇ ಬಂದರು. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಅಲ್ಲಿಂದಲೇ ಹೊರಡುವುದು. ಬಡಗಿಗೆ ಪಣಂಬೂರು. ನವಮಂಗಳೂರು ಬಂದರು 1974ರಲ್ಲಿ ಮೇಜರ್ ಪೋರ್ಟ್ ಆಯಿತು, ದೊಡ್ಡ ಹಡಗಿನ ವ್ಯಾಪಾರ ಈ ಹೊಳೆಯನ್ನು ಬಿಟ್ಟು ಅತ್ತ ಹೋಯಿತು.

ಇನ್ನೊಂದು ಪದರ ಕಣ್ಣಿಗೆ ಕಾಣುವುದಿಲ್ಲ. ತಣ್ಣೀರುಬಾವಿಯ ಬದಿಯಲ್ಲಿ ಈ ಹೊಳೆಯ ಮೇಲೆಯೇ ಒಂದು ಕರೆಂಟಿನ ಸ್ಥಾವರ ತೇಲುತ್ತಿತ್ತು. ಬಾರ್ಜಿನ ಮೇಲೆ ಕಟ್ಟಿದ್ದು, 220 ಮೆಗಾವಾಟಿನದ್ದು. 2001ರಲ್ಲಿ ಶುರುವಾಗಿ ಕೆಲವು ವರ್ಷ ನಡೆಯಿತು. ಆಮೇಲೆ ಇಡೀ ಸ್ಥಾವರವನ್ನೇ ಕಾಕಿನಾಡಕ್ಕೆ ಒಯ್ದರು. ಈಗಿನ ಕಾಲೇಜು ಮಕ್ಕಳಿಗೆ ಇದು ಗೊತ್ತೇ ಇಲ್ಲ. 1784 ಎಲ್ಲರ ಬಾಯಲ್ಲಿದೆ, 2001 ಮರೆತುಹೋಗಿದೆ. ಹತ್ತಿರದ ವರ್ಷಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡಿ ಅಂತ ಅದಕ್ಕೇ ನಾನು ಹೇಳುವುದು.

ಬಂಗ್ಲೆಯಲ್ಲಿ: ಗೋಡೆ, ಮಾಡು (ಛಾವಣಿ), ಮರ

ಎಸ್ಟೇಟಿಗೆ ರಸ್ತೆಯಿಂದ ಹೋದರೆ ನೀವು ಅದರ ಹಿಂಬದಿಗೆ ಹೋದ ಹಾಗೆ. ರಸ್ತೆ ಬರುವ ಮೊದಲು ಅಕ್ಕಿ, ತೆಂಗಿನಕಾಯಿ, ಹಂಚು, ನೆಂಟರು ಎಲ್ಲ ಬಂದದ್ದು ಹೊಳೆಯಲ್ಲಿ. ಅದಕ್ಕೆ ಮೊದಲು ಕಡವಿಗೆ ಇಳಿಯಿರಿ, ಅಲ್ಲಿಂದ ಮೇಲಕ್ಕೆ ನಡೆದು ಬನ್ನಿ. ಬಂಗ್ಲೆಯ ಮುಖ ಯಾವ ಕಡೆಗೆ ಅಂತ ಆಗ ಗೊತ್ತಾಗುತ್ತದೆ. ಸಾಲಾಗಿ ನೆಟ್ಟ ತಾಳೆಜಾತಿಯ ಮರಗಳು, ಹಳೇ ಸಂಪಿಗೆ ಮರ ಇದ್ದರೆ ಅದು ನಡೆಯುವ ದಾರಿಯ ಗುರುತು. ತೋಟದ ತೆಂಗು ಹಾಗೆ ದಾರಿ ಹಿಡಿದು ಇರುವುದಿಲ್ಲ.

ಗೋಡೆಯಲ್ಲಿ ಎರಡು ವಿಷಯ ನೋಡಿ. ಕೈಯಿಂದ ಕೆತ್ತಿದ ಮುರಕಲ್ಲಿನಲ್ಲಿ ಏಟಿನ ಗುರುತು ಓರೆಯಾಗಿರುತ್ತದೆ, ಒಂದು ಕಲ್ಲಿನ ಹಾಗೆ ಇನ್ನೊಂದು ಇರುವುದಿಲ್ಲ. ಮೆಷಿನ್ ಕಲ್ಲಿಗೆ ಗರಗಸದ ಗೆರೆ, ಚೂಪು ಮೂಲೆ. ಇನ್ನು ಕಲ್ಲಿನ ನಡುವಿನ ಗಾರೆ. ಬೆರಳು ತಾಗಿಸಿದರೆ ಬಿಳಿ ಪುಡಿ ಬಂದು ನಡುವೆ ಚಿಪ್ಪಿನ ಚೂರು ಸಿಕ್ಕಿದರೆ ಅದು ಮರುವಾಯಿ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಬೂದಿ ಬಣ್ಣದ್ದು, ಉಗುರಿಗೆ ಬಗ್ಗದ್ದು ಸಿಮೆಂಟು. ಒಂದೇ ಗೋಡೆಯಲ್ಲಿ ಎರಡೂ ಸಿಕ್ಕಿದರೆ ಅಲ್ಲಿ ರಿಪೇರಿ ನಡೆದಿದೆ. ಯಾವ ಎತ್ತರದಿಂದ ಸಿಮೆಂಟು ಶುರುವಾಗುತ್ತದೆ ಅಂತ ಅಳೆದು ಬರೆಯಿರಿ.

ಇನ್ನು ಹಂಚು. ಇಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಮಾಡು ಹತ್ತಬೇಕಾಗಿಲ್ಲ. ಹಳೇ ಮನೆಯ ಹಿಂದೆ, ಹಟ್ಟಿಯ ಬದಿಯಲ್ಲಿ ಹಂಚು ಅಟ್ಟಿ ಇಟ್ಟಿರುತ್ತಾರೆ. ಒಂದನ್ನು ಕೇಳಿ ತೆಗೆದು ಕವುಚಿ ಹಾಕಿ. ಒಳಮೈಯಲ್ಲಿ ಅಕ್ಷರ ಎದ್ದು ಇರುತ್ತದೆ. ಒಣ ತೆಂಗಿನ ನಾರಿನಲ್ಲಿ ಮೆಲ್ಲ ಉಜ್ಜಿ ಮಣ್ಣು ತೆಗೆಯಿರಿ. ನೀರು ಹಾಕಬೇಡಿ, ಕೆಸರು ಅಕ್ಷರದೊಳಗೆ ಕೂರುತ್ತದೆ. ಹಂಚನ್ನು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಏನೂ ಕಾಣದ್ದು ಓರೆ ಬೆಳಕಿನಲ್ಲಿ ಒಂದೊಂದೇ ಅಕ್ಷರವಾಗಿ ಮೇಲೆ ಬರುತ್ತದೆ. ಆಗ ಫೋಟೋ ತೆಗೆಯಿರಿ. ಅಚ್ಚಿನಿಂದ ತೆಗೆಯುವಾಗ ಕೆಲಸದವರ ಬೆರಳು ಒತ್ತಿದ ಗುರುತು ಕೆಲವು ಹಂಚಿನ ಅಂಚಿನಲ್ಲಿ ಉಳಿದಿರುತ್ತದೆ. ಅದರದ್ದೂ ಒಂದು ಫೋಟೋ ಇರಲಿ.

ಬಾಸೆಲ್ ಮಿಷನ್ ಅಂತ ಇದ್ದು ಜೊತೆಗೆ 1865 ಅಂತ ಇದ್ದರೆ ಆ ಹಂಚು 1865ರದ್ದು ಅಂತ ಬರೆಯಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೆಪ್ಪಿನಲ್ಲಿ ಆ ವರ್ಷ ಹಂಚಿನ ಕಾರ್ಖಾನೆ ಶುರು ಮಾಡಿದ. ಎಷ್ಟೋ ವರ್ಷ ಆದ ಮೇಲೆ ಮಾಡಿದ ಹಂಚಿನ ಮೇಲೂ ಅದೇ ಇಸವಿ ಒತ್ತಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಆಸ್ತಿಯನ್ನು ಸರಕಾರ ವಶಪಡಿಸಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಾಗಾಗಿ ಕಾಮನ್‌ವೆಲ್ತ್ ಹೆಸರಿನ ಹಂಚು ಯುದ್ಧದಿಂದ ಈಚಿನದ್ದು, ಮಿಷನ್ ಹೆಸರಿನದ್ದು ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದ್ದು. ಆದರೆ ಹಂಚು ಒಂದು ಮಾಡಿನಿಂದ ಇನ್ನೊಂದಕ್ಕೆ ಹೋಗುತ್ತಾ ಇರುತ್ತದೆ. ಒಂದೇ ಹಂಚು ನೋಡಿ ಮನೆಯ ವಯಸ್ಸು ಹೇಳಬಾರದು. ಅಟ್ಟಿಯಲ್ಲಿ ಜಾಸ್ತಿ ಯಾವುದಿದೆ ನೋಡಿ.

ಹೊಳೆ ಬದಿಯಲ್ಲೇ ಕಾರ್ಖಾನೆಗಳು ಯಾಕೆ ಎದ್ದವು ಅನ್ನುವುದೂ ಎಸ್ಟೇಟಿನ ಕಥೆಗೆ ಸೇರಿದ್ದು. ಜೇಡಿಮಣ್ಣು ಹೊಳೆ ಬದಿಯ ಗದ್ದೆಗಳಿಂದ ದೋಣಿಯಲ್ಲಿ ಬರುತ್ತಿತ್ತು. ಸುಡಲಿಕ್ಕೆ ಸೌದೆಯೂ ಹಾಗೆಯೇ. ಮಾಡಿದ ಹಂಚು ಮಂಜಿ ಹತ್ತಿ ಹೋಗುತ್ತಿತ್ತು. 1907ರಲ್ಲಿ ರೈಲು ಮಂಗಳೂರಿಗೆ ಬಂತು, ನೆಲದ ದಾರಿಯೂ ಸಿಕ್ಕಿತು. ನಿಮ್ಮ ಎಸ್ಟೇಟಿನಲ್ಲಿ ಸುತ್ತಲಿನ ಗದ್ದೆಗಿಂತ ತಗ್ಗಾದ, ಮಳೆಗಾಲದಲ್ಲಿ ಕೆರೆಯ ಹಾಗೆ ನೀರು ನಿಲ್ಲುವ ಗದ್ದೆ ಇದ್ದರೆ "ಇಲ್ಲಿಂದ ಹಂಚಿಗೆ ಮಣ್ಣು ತೆಗೆದಿದ್ದಾರಾ?" ಅಂತ ಕೇಳಿ ನೋಡಿ.

ನಾಗಬನ, ದೈವಸ್ಥಾನ ಇದ್ದರೆ ನಕ್ಷೆಯಲ್ಲಿ ಗುರುತು ಹಾಕಿ, ದೂರದಿಂದ ಕೈಮುಗಿದು ಬನ್ನಿ. ಒಳಗೆ ಹೋಗುವುದು, ಫೋಟೋ ತೆಗೆಯುವುದು ಮನೆಯವರು ಹೇಳಿದ ಹಾಗೆ. ಆಸ್ತಿ ಯಾರ ಕೈಗೆ ಹೋದರೂ ಬನ ಮಾತ್ರ ಅಲ್ಲೇ ಇರುತ್ತದೆ. ಕ್ರೈಸ್ತ ಧಣಿಗಳ ಜಾಗದ ನಡುವೆ ನಾಗಬನ ಇರುವುದು ನಮ್ಮಲ್ಲಿ ಹೊಸತೇನಲ್ಲ. ಅದಕ್ಕೆ ನಡೆಯುವವರು ಯಾರು ಅಂತ ಕೇಳಿದರೆ, ಬಂಗ್ಲೆಗಿಂತ ಹಿಂದೆ ಆ ಜಾಗದಲ್ಲಿ ಇದ್ದ ಮನೆತನದ ದಾರಿ ಸಿಗುತ್ತದೆ.

ಕಾಗದ: ನನ್ನ ಕಪಾಟು

ಇದು ನನ್ನ ಕೆಲಸದ ಜಾಗ. ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ.

ಈಗಿನದ್ದರಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಸರ್ವೆ ನಂಬ್ರ ಹಾಕಿ ಭೂಮಿ ವೆಬ್‌ಸೈಟಿನಲ್ಲಿ ಆರ್.ಟಿ.ಸಿ. (ಪಹಣಿ) ತೆಗೆಯಿರಿ. ಪೇಟೆಯೊಳಗಿನ ಜಾಗವಾದರೆ ಪ್ರಾಪರ್ಟಿ ಕಾರ್ಡ್ ಇರಬಹುದು. 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ವಿವರ. ಎಲ್ಲರೂ 9 ನೋಡಿ ಮುಚ್ಚಿಬಿಡುತ್ತಾರೆ. ನೀವು ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು 1974ಕ್ಕಿಂತ ಹಿಂದಿನ ಕೈಬರಹದ ಆರ್.ಟಿ.ಸಿ. ಕೇಳಿ, 12ನೇ ಕಾಲಂ ಓದಿ. ಗದ್ದೆ ನಿಜವಾಗಿ ಯಾರ ಕೈಯಲ್ಲಿತ್ತು ಅನ್ನುವುದು ಅಲ್ಲಿರುತ್ತದೆ.

ಎಫ್.ಎಂ.ಬಿ. ನಕ್ಷೆಯೂ ಬೇಕು, ಅಂದರೆ ಸರ್ವೆಯವರು ಜಾಗದ ಅಳತೆ ಬರೆದಿಟ್ಟ ನಕ್ಷೆ. ನಮ್ಮ ಜಿಲ್ಲೆ 1956ರ ತನಕ ಮದ್ರಾಸಿಗೆ ಸೇರಿದ್ದಲ್ವಾ, ಅಳತೆಯ ಕ್ರಮವೂ ಅಲ್ಲಿಯದ್ದೇ. ಘಟ್ಟದ ಮೇಲೆ ಎಕರೆ, ಗುಂಟೆ. ನಮ್ಮಲ್ಲಿ ಎಕರೆ, ಸೆಂಟ್ಸ್. ನೂರು ಸೆಂಟ್ಸಿಗೆ ಒಂದು ಎಕರೆ. ಹಳೇ ನಕ್ಷೆಯ ಅಂಕಿಗಳು ಚೈನು, ಲಿಂಕಿನಲ್ಲಿ ಇರುತ್ತವೆ. ಚೈನು ಅಂದರೆ 66 ಅಡಿ, ಅದರಲ್ಲಿ 100 ಲಿಂಕು. ಈ ಲೆಕ್ಕ ಗೊತ್ತಿದ್ದರೆ ನಕ್ಷೆ ಹಿಡಿದು ನೆಲದಲ್ಲಿ ನಡೆಯಬಹುದು. ಹಳೇ ನಕ್ಷೆಯಲ್ಲಿ ಹೊಳೆಯ ಅಂಚು ಎಲ್ಲಿತ್ತು, ಈಗ ಎಲ್ಲಿದೆ, ನಡುವೆ ಎಷ್ಟು ಜಾಗ ನೀರಿಗೆ ಹೋಗಿದೆ ಅಂತ ಕಣ್ಣಾರೆ ನೋಡಬಹುದು.

ಆಮೇಲೆ ರಿಜಿಸ್ಟ್ರಿ ಕಚೇರಿ. 2004ರ ಈಚಿನ ಇ.ಸಿ. (ಋಣಭಾರ ಪತ್ರ) ಕಾವೇರಿ ತಂತ್ರಾಂಶದಲ್ಲೇ ಸಿಗುತ್ತದೆ. ಅದಕ್ಕೆ ಹಿಂದಿನದ್ದಕ್ಕೆ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು. ಕ್ರಯಚೀಟು ಸಿಕ್ಕಿದರೆ ಮೊತ್ತ ನೋಡುವುದಕ್ಕಿಂತ ಮೊದಲು ಚೆಕ್ಕುಬಂದಿ ಓದಿ. ಮೂಡಿಗೆ ಏನು, ಪಡುವಿಗೆ ಏನು, ತೆಂಕಿಗೆ, ಬಡಗಿಗೆ ಏನು ಅಂತ ಇರುತ್ತದೆ. ಅಗಳು, ತೋಡು, ಇಂಥವರ ವರ್ಗದ ಗದ್ದೆ, ಹೊಳೆ. ಬತ್ತಿಹೋದ ತೋಡು, ಸತ್ತುಹೋದ ನೆರೆಯವರು ಎಲ್ಲ ಆ ನಾಲ್ಕು ಸಾಲಿನಲ್ಲಿ ಇರುತ್ತಾರೆ.

ಕಾಗದದಲ್ಲಿ ಬರುವ ಕೆಲವು ಮಾತುಗಳಿಗೆ ಹೆದರಬೇಡಿ. ವರ್ಗ ಅಂದರೆ ತೀರ್ವೆ (ಭೂಕಂದಾಯ) ಕಟ್ಟುವ ಹಿಡುವಳಿ, ಅದನ್ನು ಕಟ್ಟುವವರು ವರ್ಗದಾರರು. ಮೂಲಗೇಣಿ ಅಂದರೆ ಕಾಯಂ ಗೇಣಿ, ಗೇಣಿ ಜಾಸ್ತಿ ಮಾಡುವ ಹಾಗಿಲ್ಲ, ಬಿಡಿಸುವ ಹಾಗೂ ಇಲ್ಲ. ಚಾಲಗೇಣಿಗೆ ಆ ರಕ್ಷಣೆ ಇರಲಿಲ್ಲ. ಒಕ್ಕಲುಗಳಲ್ಲಿ ಹೆಚ್ಚಿನವರು ಚಾಲಗೇಣಿಯವರೇ. ಕುಮ್ಕಿ ಅಂದರೆ ಹಳೇ ವರ್ಗ ಜಾಗದ ಸುತ್ತ ನೂರು ಗಜದ ಒಳಗಿನ ಸರಕಾರಿ ಜಾಗ, ಸೊಪ್ಪು, ಸೌದೆ ತರಲಿಕ್ಕೆ ವರ್ಗದಾರರಿಗೆ ಬಿಟ್ಟದ್ದು. ಗೇಣಿ ಮುಡಿ ಅಕ್ಕಿಯ ಲೆಕ್ಕದಲ್ಲಿ ಬರೆದಿರುತ್ತದೆ. ಮುಡಿಗೆ 42 ಸೇರು ಅನ್ನುವುದು ಸಾಮಾನ್ಯ ಲೆಕ್ಕ. ಗದ್ದೆಗಳಿಗೂ ಜಾತಿ ಇದೆ. ನೀರು ತುಂಬ ಇರುವ ತಗ್ಗಿನದ್ದು ಬೈಲು, ನಡುವಿನದ್ದು ಮಜಲು, ಮಳೆ ನಂಬಿದ ಮೇಲಿನದ್ದು ಬೆಟ್ಟು. ಯಾರಿಗೆ ಬೈಲು ಸಿಕ್ಕಿತ್ತು, ಯಾರಿಗೆ ಬೆಟ್ಟು ಸಿಕ್ಕಿತ್ತು ಅನ್ನುವುದರಲ್ಲೇ ಆ ಎಸ್ಟೇಟಿನ ಒಳಗಿನ ದೊಡ್ಡವರು ಸಣ್ಣವರು ಗೊತ್ತಾಗುತ್ತಾರೆ.

ಅಳಿಯಕಟ್ಟಿನ, ಅಂದರೆ ಹೆಣ್ಣಿನ ಕಡೆಯಿಂದ ವಂಶ ಲೆಕ್ಕ ಹಾಕುವ, ಮನೆತನವಾದರೆ ಇನ್ನೊಂದು ವಿಷಯ. 1949ರ ಅಳಿಯಸಂತಾನ ಕಾಯ್ದೆ ಬರುವ ತನಕ ಪಾಲು ಕೊಡಿ ಅಂತ ಹಕ್ಕಿನಿಂದ ಕೇಳಲಿಕ್ಕೆ ಇರಲಿಲ್ಲ. ಆಸ್ತಿ ಕುಟುಂಬದ್ದು, ನೋಡಿಕೊಳ್ಳುವವರು ಯಜಮಾನರು. ಹಾಗಾಗಿ ಹಳೇ ಕಾಗದದಲ್ಲಿ ಮಾವನ ಹೆಸರಾದ ಮೇಲೆ ಸೋದರಳಿಯನ ಹೆಸರು ಬಂದರೆ ಮಾರಾಟವಾಯಿತು ಅಂತ ತಿಳಿಯಬೇಡಿ. ಕ್ರೈಸ್ತ ಮನೆತನವಾದರೆ ಇಗರ್ಜಿಯ ಜ್ಞಾನಸ್ನಾನ, ಮದುವೆಯ ರಿಜಿಸ್ಟರುಗಳು ಇರುತ್ತವೆ. ಪಾದ್ರಿಗಳ ಹತ್ತಿರ ವಿನಯದಿಂದ ಕೇಳಿ. 1784ರಿಂದ 1799ರ ನಡುವೆ ಆ ಮನೆತನಗಳ ಕಥೆ ತುಂಡಾಗುತ್ತದೆ. ಯಾಕೆ ಅಂತ ಬತ್ತೇರಿಯಲ್ಲಿ ನೋಡಿ ಬಂದಿದ್ದೀರಿ.

ಈಗ ಮುಖ್ಯ ಫೈಲು. ಭೂಮಸೂದೆಯಿಂದಾಗಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಹೋಯಿತು. ಗೇಣಿಯ ಜಾಗಗಳೆಲ್ಲ ಸರಕಾರಕ್ಕೆ ಸೇರಿದವು, ಒಕ್ಕಲು ಫಾರ್ಮ್ 7ರಲ್ಲಿ ಡಿಕ್ಲರೇಷನ್ ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಆರ್ಡರ್ ಮಾಡಿದ ಮೇಲೆ ಫಾರ್ಮ್ 10 ಸಿಗುತ್ತಿತ್ತು. ಅರ್ಜಿ ಕೊಡುವ ಅವಧಿ 1979ರ ಜೂನ್ 30ರ ತನಕ ಇತ್ತು. ಈ ಫೈಲಿನ ನಕಲಿಗೆ ತಾಲೂಕು ಕಚೇರಿಯಲ್ಲಿ ಅರ್ಜಿ ಕೊಡಿ. ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಧಣಿಗಳ ಹೆಸರು, ಸರ್ವೆ ನಂಬ್ರ, ಗ್ರಾಮ ಮೂರೂ ಬರೆದುಕೊಡಿ. ನಂಬ್ರ ಇಲ್ಲದೆ ಬಂದವರಿಗೆ ನಾವು ಏನು ತಾನೇ ಹುಡುಕಿ ಕೊಡುವುದು?

ನಾನು ಹೇಳುತ್ತಿರುವ ಆ ಬಂಗ್ಲೆಯ ಫೈಲಿನಲ್ಲಿ ಒಬ್ಬ ಹೆಂಗಸಿನ ಹೇಳಿಕೆ ಇದೆ. ಗಂಡ ತೀರಿಹೋದ ಮೇಲೆ ಗದ್ದೆ ತಾನೇ ಮಾಡಿದವಳು. ಹಳದಿಯಾದ ಫುಲ್‌ಸ್ಕೇಪ್ ಕಾಗದ, ಬರೆದದ್ದು ಗುಮಾಸ್ತರು, ಕೆಳಗೆ ಎಡಗೈ ಹೆಬ್ಬೆಟ್ಟು. ಶಾಯಿ ಜಾಸ್ತಿಯಾಗಿ ಹೆಬ್ಬೆಟ್ಟಿನ ಗೆರೆಗಳು ಅರ್ಧ ಅಳಿಸಿವೆ. ಸದ್ರಿ ಗದ್ದೆಯ ಪಡುವಿಗೆ ಬಂಗ್ಲೆಯವರ ಕಡವು, ಅದರ ಬಡಗಿಗೆ ಹಳೇ ಕಡವು, ಎರಡರ ನಡುವೆ ಕಟ್ಟ, ಪ್ರತಿ ವರ್ಷ ಆ ಕಟ್ಟ ಕಟ್ಟುವುದು ನಾವು, ಕಟ್ಟದಿದ್ದರೆ ಭರತದಲ್ಲಿ ಉಪ್ಪುನೀರು ಬೈಲಿಗೆ ನುಗ್ಗುತ್ತದೆ ಅಂತ ಹೇಳಿದ್ದಾಳೆ. ಬಂಗ್ಲೆಯವರ ಯಾವ ಕಾಗದದಲ್ಲೂ ಎರಡನೇ ಕಡವಿನ ಸುದ್ದಿ ಇಲ್ಲ. ಉಪ್ಪುನೀರಿನ ಸುದ್ದಿಯೂ ಇಲ್ಲ. ಹುಡುಗರನ್ನು ಕರೆದುಕೊಂಡು ಇಳಿತದಲ್ಲಿ ಹೋಗಿ ನೋಡಿದಾಗ ಅವಳು ಹೇಳಿದ ಜಾಗದಲ್ಲೇ ಕೆಸರಿನೊಳಗೆ ಮುರಕಲ್ಲಿನ ಮೆಟ್ಟಿಲು ಇತ್ತು. ಆ ಎಸ್ಟೇಟನ್ನು ಸರಿಯಾಗಿ ನೋಡಿ ಹೇಳಿದವಳು ಅವಳೇ.

ಎಲ್ಲ ಫೈಲಿನಲ್ಲಿ ಇಷ್ಟು ಸಿಗುವುದಿಲ್ಲ. ಮಹಜರು, ಸಾಕ್ಷಿ ಹೇಳಿಕೆ, ಗೇಣಿ ರಶೀದಿ ಈ ಮೂರನ್ನು ಬಿಡಬೇಡಿ. ಆರ್ಡರ್ ಶೀಟನ್ನು ಕೊನೆಗೆ ಓದಿದರೆ ಸಾಕು.

ಜನರ ಹತ್ತಿರ ಕೇಳುವ ಕ್ರಮ

ಇಸವಿ ಕೇಳಬೇಡಿ. "ಅಜ್ಜಿ, ಇದು ಎಷ್ಟನೇ ಇಸವಿಯಲ್ಲಿ?" ಅಂದರೆ ಅವರು ಸುಮ್ನೆ ಏನೋ ಒಂದು ಹೇಳುತ್ತಾರೆ. ಭೂಮಸೂದೆಗೆ ಮೊದಲಾ, ಆಮೇಲಾ? ಪಣಂಬೂರು ಬಂದರು ಆಗುವ ಮೊದಲಾ? ದೊಡ್ಡ ಮಗಳ ಮದುವೆ ಆಗಿತ್ತಾ? ಹೀಗೆ ಕೇಳಿ. ನೇತ್ರಾವತಿ ದಂಡೆಯ ಮನೆಯಾದರೆ 1923ರ ಮಾರಿಬೊಳ್ಳದ (ದೊಡ್ಡ ನೆರೆಯ) ಮಾತು ಹಿರಿಯರಿಂದ ಕೇಳಿ ಗೊತ್ತಿರುತ್ತದೆ. 1974ರ ನೆರೆಯನ್ನು ಕಣ್ಣಾರೆ ನೋಡಿದವರು ಈಗಲೂ ಇದ್ದಾರೆ. ನೀರು ಯಾವ ಮೆಟ್ಟಿಲಿನ ತನಕ ಬಂದಿತ್ತು ಅಂತ ತೋರಿಸಲಿಕ್ಕೆ ಹೇಳಿ, ಟೇಪು ಹಿಡಿಯಿರಿ.

ತುಳು ಗೊತ್ತಿದ್ದರೆ ತುಳುವಿನಲ್ಲೇ ಮಾತಾಡಿ. ಇಗರ್ಜಿಯ ಬದಿಯ ಬಾಯಮ್ಮನ ಹತ್ತಿರ ಎರಡು ಮಾತು ಕೊಂಕಣಿ, ಬ್ಯಾರಿಗಳ ಮನೆಯಲ್ಲಿ ಅವರ ಭಾಷೆ ಬಲ್ಲವರು ಒಬ್ಬರು ಜೊತೆಗಿದ್ದರೆ ಮಾತು ಸಲೀಸು. ದೋಣಿಯವರ ಹತ್ತಿರ ಕೂತು ಕೇಳಿ. ಹೊಳೆಯ ಆಳ, ಹೂಳು, ಕಲ್ಲು ಇರುವ ಜಾಗ ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ, ಮಾರಾಯ್ರೆ.

ಭೂಮಸೂದೆಯ ಗಾಯ ಕೆಲವು ಮನೆಗಳಲ್ಲಿ ಈಗಲೂ ಹಸಿ ಇದೆ. ಜಾಗ ಕಳೆದುಕೊಂಡವರ ಮನೆಯಲ್ಲಿ ಪಡೆದವರ ಕಾಗದ ತೋರಿಸಬೇಡಿ. ಪಡೆದವರ ಮನೆಯಲ್ಲಿ ಧಣಿಗಳು ಏನು ಹೇಳಿದರು ಅಂತ ಒಪ್ಪಿಸಬೇಡಿ. ಗಂಡಸರು ಚಾವಡಿಯಲ್ಲಿ ಮಾತು ಮುಗಿಸಿದ ಮೇಲೆ ಒಳಗಿನ ಹೆಂಗಸರ ಹತ್ತಿರವೂ ಕೇಳಿ. ನಾಟಿಯ ಸಾಲಿನಲ್ಲಿ ಇದ್ದವರು ಅವರು.

ಬರೆದಿಡುವುದು

ಒಂದು ಜಾಗಕ್ಕೆ ಒಂದು ದೊಡ್ಡ ನಕ್ಷೆ ಮಾಡಿ. ಪಾರದರ್ಶಕ ಹಾಳೆ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಒಂದೊಂದು ಕಾಲಕ್ಕೆ ಒಂದೊಂದು ಹಾಳೆ ಮೇಲಿಂದ ಇಡಿ. 1799ಕ್ಕೆ ಮೊದಲು, ಭೂಮಸೂದೆಯ ತನಕ, ಆಮೇಲಿನದ್ದು, ಈಗಿನದ್ದು. ನಡುವಿನದ್ದು ತುಂಬ ಉದ್ದದ ಕಾಲ. ಹಂಚು, ರೈಲು ಬಂದ ಲೆಕ್ಕದಲ್ಲಿ ಅದನ್ನು ಇನ್ನೂ ಎರಡು ಮೂರು ಮಾಡಬಹುದು. ಪ್ರತಿ ಗುರುತಿನ ಪಕ್ಕದಲ್ಲಿ ಎಲ್ಲಿಂದ ಗೊತ್ತಾಯಿತು ಅಂತ ಸಣ್ಣಕ್ಕೆ ಬರೆಯಿರಿ: ಕಣ್ಣಲ್ಲಿ ನೋಡಿದ್ದು, ಕಾಗದದಲ್ಲಿ ಇದ್ದದ್ದು, ಕೇಳಿದ್ದು. ಬಂಗ್ಲೆ ಹಾಕಿದ ಹಾಳೆಯಲ್ಲೇ ಒಕ್ಕಲು ಮನೆಗಳನ್ನೂ ಹಾಕಿ. ಅವು ಬಿದ್ದುಹೋಗಿದ್ದರೂ ಬಾವಿ, ತುಳಸಿಕಟ್ಟೆ, ಬಚ್ಚಲಿನ ಕಲ್ಲು ಅಲ್ಲೇ ಇರುತ್ತದೆ.

ಬದುಕಿರುವವರ ಹೆಸರು, ಸರ್ವೆ ನಂಬ್ರ, ಫಾರ್ಮುಗಳ ಫೋಟೋ ಇವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಜಾಗದ ಬ್ರೋಕರುಗಳಿಗೆ ಅಷ್ಟು ಸಾಕು. ಬರೆದು ಮುಗಿದ ಮೇಲೆ ಪ್ರಿಂಟ್ ತೆಗೆಸಿ, ಬಂಗ್ಲೆಯವರಿಗೆ ಒಂದು, ಒಕ್ಕಲು ಮನೆಯವರಿಗೆ ಒಂದು ಕೊಡಿ. ಓದಲಿಕ್ಕೆ ಬಾರದ ಅಜ್ಜಿ ಇದ್ದರೆ ಕೂತು ಓದಿ ಹೇಳಿ. ಅವರು ನಡುವೆ ತಡೆದು "ಅದು ಹಾಗಲ್ಲ ಮಗಾ" ಅಂದಲ್ಲಿ ಪೆನ್ನು ತೆಗೆದು ತಿದ್ದಿಕೊಳ್ಳಿ, ಎರಡನೇ ಪ್ರಿಂಟಿಗೆ ಅದನ್ನು ಸೇರಿಸಿ.